ಉಸ್ತಾ ಬಯೂಮಿಯ ಉಪ್ಪುನೀರು

ನನ್ನ ಭಾವ ಬಯೂಮಿಗೆ ಹೊಟ್ಟೆಕಿಚ್ಚು ಪಡಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ತನ್ನ ಮದುವೆಯ ಮೆರವಣಿಗೆಯಲ್ಲಿ ಜನ ಮದುಮಗನನ್ನು ಬಿಟ್ಟು ಡೋಲಿನವನನ್ನು ನೋಡುತ್ತಿದ್ದಾರೆಂದು ಮುಖ ಊದಿಸಿಕೊಂಡಿದ್ದ. ಪಕ್ಕದ ಮನೆಯವರ ಎಮ್ಮೆ ಅವಳಿ ಕರು ಹಾಕಿದಾಗ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟು, ಕಾಲುವೆ ಸುತ್ತಿಕೊಂಡು ಮನೆಗೆ ಬರುತ್ತಿದ್ದ. ಕ್ಷೌರದವನು ತನಗಿಂತ ಮುಂಚೆ ಕೂತವನ ತಲೆಯ ಮೇಲೆ ಹೆಚ್ಚು ಹೊತ್ತು ಕತ್ತರಿ ಆಡಿಸಿದ ಎಂದು ಅರ್ಧ ಗಡ್ಡಕ್ಕೇ ಎದ್ದು ಬಂದದ್ದೂ ಉಂಟು. ಅವನು ನಮ್ಮ ಅಕ್ಕ ಅತಿಯ್ಯಾತಳ ಗಂಡ, ನನಗೆ ಕೆಲಸ ಕಲಿಸಿದವನು. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ.

ನನ್ನ ಹೆಸರು ಶಹಾತ. ಅಂದರೆ ತಿರುಪೆ. ನನಗಿಂತ ಮುಂಚೆ ಹುಟ್ಟಿದ ಗಂಡುಮಕ್ಕಳೆಲ್ಲ ಜನರ ಕಣ್ಣು ತಾಗಿ ಹೋದರೆಂದು ನಮ್ಮಮ್ಮ ಯಾರೂ ಆಸೆಪಡದ ಹೆಸರನ್ನು ಹುಡುಕಿ ಇಟ್ಟಳು. ಅದು ಚೆನ್ನಾಗಿಯೇ ಕೆಲಸ ಮಾಡಿತು. ನನ್ನ ಮೇಲೆ ಯಾರ ಕಣ್ಣೂ ಬೀಳಲಿಲ್ಲ, ಅದೃಷ್ಟದ ಕಣ್ಣೂ ಸೇರಿ.

ನೈಲ್ ನದಿಯ ಎರಡು ಕವಲುಗಳ ನಡುವಿನ ನಮ್ಮ ನೆಲ ಮೇಲೆ ನೋಡಲು ಒಂದೇ ಸಮ. ಮೇಲೆ ಕಪ್ಪು ಜೇಡಿ, ಕೆಳಗೆ ಎಲ್ಲೋ ಮರಳು. ಜೇಡಿ ಎಲ್ಲಿ ಮುಗಿಯುತ್ತದೆ, ಮರಳು ಎಷ್ಟು ಗಟ್ಟಿ ಎಂದು ತಿಳಿಯದೆ ಏನಾದರೂ ಕಟ್ಟಿದರೆ ವಾಲಿಕೊಳ್ಳುತ್ತದೆ. ಅದನ್ನು ತಿಳಿದು ಹೇಳುವುದೇ ನಮ್ಮ ಕೆಲಸ. ಮೂರು ಕಾಲಿನ ಕಬ್ಬಿಣದ ಕಂಬ ನಿಲ್ಲಿಸುತ್ತೇವೆ. ತೊಟ್ಟಿಯ ನೀರನ್ನು ಪಂಪಿನಲ್ಲಿ ಒಳಕ್ಕೆ ಹಾಯಿಸುತ್ತಾ ಗುಂಡಿ ಕೊರೆಯುತ್ತೇವೆ. ಆಮೇಲೆ ಸರಳಿನ ತುದಿಗೆ ಒಂದು ಕೊಳವೆ ಸಿಕ್ಕಿಸಿ ಇಳಿಬಿಟ್ಟು, ಹಗ್ಗದಲ್ಲಿ ಭಾರದ ಸುತ್ತಿಗೆ ಎತ್ತಿ ಅದರ ನೆತ್ತಿಯ ಮೇಲೆ ಬೀಳಿಸುತ್ತೇವೆ. ಕೊಳವೆ ಒಂದಡಿ ಇಳಿಯಲು ಎಷ್ಟು ಏಟು ಬೇಕಾಯಿತೋ ಅದೇ ಆ ಮಣ್ಣಿನ ಬಲ. ಜೇಡಿಗೆ ನಾಲ್ಕೈದು ಏಟು ಸಾಕು. ಗಟ್ಟಿ ಮರಳಿಗೆ ರಟ್ಟೆ ಬಿದ್ದುಹೋಗುತ್ತದೆ.

ರಟ್ಟೆ ಬೀಳುತ್ತದೆ ಎಂದೇ ಈ ಕಸುಬಿನಲ್ಲಿ ಸುಳ್ಳು ಜಾಸ್ತಿ. ಬಿಸಿಲು ಏರಿದ ಮೇಲೆ ಎಷ್ಟೋ ಉಸ್ತಾಗಳು, ಅಂದರೆ ನಮ್ಮ ಕಸುಬಿನ ಮೇಸ್ತ್ರಿಗಳು, ಮರದ ಕೆಳಗೆ ಕೂತು, ಎದುರಿಗಿನ ಹೊಲ ನೋಡಿಕೊಂಡು, ಬಾಯಿಗೆ ಬಂದ ಅಂಕಿ ಹೇಳಿಬಿಡುತ್ತಾರೆ. ಬಯೂಮಿ ಹಾಗೆ ಮಾಡಿದವನಲ್ಲ. ಹಗ್ಗ ಹಿಡಿದಾಗ ಅವನ ಮೂಗಿನ ಮೇಲೆ ನೊಣ ಕೂತರೂ ಓಡಿಸುತ್ತಿರಲಿಲ್ಲ. ಒಮ್ಮೆ ಎಣಿಕೆಯ ನಡುವೆ ಯಾರೋ ಸಲಾಂ ಹೇಳಿ ಲೆಕ್ಕ ತಪ್ಪಿಸಿದರೆಂದು ಆ ಗುಂಡಿಯನ್ನೇ ಬಿಟ್ಟು ಪಕ್ಕದಲ್ಲಿ ಹೊಸದು ಕೊರೆದ. ಸಲಾಂ ಹೇಳಿದವನನ್ನು ಬೈದ ಬೈಗುಳ ಇಲ್ಲಿ ಬೇಡ.

ತಾಂತಾದಲ್ಲಿ ಮಣ್ಣು ಪರೀಕ್ಷೆಯ ಕಚೇರಿ ಇಟ್ಟಿದ್ದ ಇಂಜಿನಿಯರ್ ವಗ್ದಿ ಬೆಸ್ತೌರೋಸ್, ನಾವು ಬಾಶ್‌ಮುಹಂದಿಸ್ ಎಂದು ಕರೆಯುವವರು, ಬಯೂಮಿಯನ್ನು ಬಿಟ್ಟು ಬೇರೆಯವರನ್ನು ಕರೆಯದಿದ್ದದ್ದು ಇದಕ್ಕೇ. ಇಬ್ಬರೂ ಹರೆಯದಲ್ಲಿ ಒಟ್ಟಿಗೆ ಶುರು ಮಾಡಿದವರು. ವಗ್ದಿಯ ಕೂದಲು ಉದುರಿತು, ಬಯೂಮಿಯ ಹಲ್ಲು ಉದುರಿದವು. ವಗ್ದಿ ಜಾಗಕ್ಕೆ ಬಂದರೆ ಸುತ್ತಿಗೆಯ ಹತ್ತಿರ ಸುಳಿಯುತ್ತಿರಲಿಲ್ಲ. ಬೋರಲು ಹಾಕಿದ ಡಬ್ಬಿಯ ಮೇಲೆ ಕೂತು ಬಯೂಮಿ ಕಾಸಿದ ಕಪ್ಪು ಟೀ ಕುಡಿಯುತ್ತಿದ್ದರು. ಬಯೂಮಿ ಅಲ್ಲಿಂದ ಅಂಕಿ ಕೂಗಿದರೆ ಇಲ್ಲಿ ಬರೆದುಕೊಳ್ಳುತ್ತಿದ್ದರು. ಮತ್ತೊಮ್ಮೆ ಕೇಳಿದ್ದನ್ನು ನಾನು ನೋಡಿಲ್ಲ. ಬೈಯುತ್ತಿದ್ದರು, ಅದು ಬೇರೆ. ತಡವಾಗಿ ಬಂದದ್ದಕ್ಕೆ, ಎಣ್ಣೆ ಚೆಲ್ಲಿದ್ದಕ್ಕೆ, ಬೀಡಾಡಿ ಕತ್ತೆಯನ್ನು ಕಂಬಕ್ಕೆ ಕಟ್ಟಿದ್ದಕ್ಕೆ ಬಾಯ್ತುಂಬ ಬೈಯುತ್ತಿದ್ದರು. ಆ ಬೈಗುಳವನ್ನು ಬಯೂಮಿ ಸಂಜೆ ಮನೆಯಲ್ಲಿ ಅಕ್ಕನ ಮುಂದೆ ಬಿರುದಿನ ಹಾಗೆ ಒಪ್ಪಿಸುತ್ತಿದ್ದ.

ಅಂಥ ವಗ್ದಿ ಒಂದು ಬೆಳಿಗ್ಗೆ ಜೀಪಿನಲ್ಲಿ ಒಬ್ಬ ಹೆಂಗಸನ್ನು ಕೂರಿಸಿಕೊಂಡು ಬಂದರು.

ಜಿಫ್ತಾದ ಹತ್ತಿರ ನದಿಯ ದಂಡೆಗುಂಟ ಹೊಸ ರಸ್ತೆಗಾಗಿ ಏರಿ ಹಾಕುವವರಿದ್ದರು. ಉದ್ದವಾದ ಕೆಲಸ, ಸಾಲಾಗಿ ಗುಂಡಿಗಳು. ಬಯೂಮಿ ಹಬ್ಬ ಬಂದಷ್ಟು ಖುಷಿಯಲ್ಲಿದ್ದ. ಬಂದ ಹೆಂಗಸು ಮನ್ಸೂರಾದ ಕಾಲೇಜಿನಲ್ಲಿ ಪಾಠ ಹೇಳುವ, ಡಾಕ್ಟರ್ ಪದವಿಯ ದಕ್ತೂರಾ ಇಬ್ತಿಸಾಮ್. ದುಂಡು ಮೈ, ಗಂಡಸರ ರಬ್ಬರ್ ಬೂಟು, ತಲೆಗೆ ಹೂವಿನ ವಸ್ತ್ರ, ಬಗಲಲ್ಲಿ ಫ್ಲಾಸ್ಕು. ಜೀಪಿನಿಂದ ತಂತಿಯ ಸುರುಳಿಗಳು, ಒಂದು ಕಂತೆ ಕಬ್ಬಿಣದ ಕಡ್ಡಿಗಳು, ಬ್ಯಾಟರಿ, ಒಂದು ಪೆಟ್ಟಿಗೆ ಇಳಿದವು.

"ಉಸ್ತಾ, ಹೀಗೆ ಬಾ," ಎಂದು ವಗ್ದಿ ಕರೆದರು. "ಇವರು ನೆಲಕ್ಕೆ ಕರೆಂಟು ಬಿಟ್ಟು ನೋಡ್ತಾರೆ. ಜೇಡೀಲಿ ಕರೆಂಟು ಸಲೀಸಾಗಿ ಓಡುತ್ತೆ, ಮರಳಲ್ಲಿ ಒದ್ದಾಡುತ್ತೆ. ನೀನು ಬಡಿದು ಹೇಳಿದ್ದನ್ನೂ ಇವರು ಅಳೆದಿದ್ದನ್ನೂ ಪಕ್ಕಪಕ್ಕ ಇಡೋಣ. ಎರಡೂ ಜೋಡಿ ಕೂಡ್ತು ಅಂದ್ರೆ, ಗುಂಡಿಗೂ ಗುಂಡಿಗೂ ನಡುವೆ ಏನಿದೆ ಅಂತ ತಂತಿ ನೋಡಿದ್ರೇ ಗೊತ್ತಾಗುತ್ತೆ."

"ಜೋಡಿ ಕೂಡ್ಲಿಲ್ಲ ಅಂದ್ರೆ?"

"ಕೂಡ್ಲಿಲ್ಲ ಅಂದ್ರೆ ತಂತಿ ಸುತ್ಕೊಂಡು ಮನೆಗೆ ಹೋಗ್ತೀನಿ," ಎಂದು ಆಕೆಯೇ ನಕ್ಕು ಹೇಳಿದಳು.

ಬಯೂಮಿ ನಗಲಿಲ್ಲ. ಕೂಡಿದರೆ ಗುಂಡಿಗಳು ಅರ್ಧವಾಗುತ್ತವೆ ಎಂಬುದು ಅವನಿಗೆ ಅಲ್ಲೇ ಹೊಳೆದಿತ್ತು. ಅದು ಹೋಗಲಿ ಎಂದರೆ, ಆ ದಿನ ವಗ್ದಿ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಆಕೆಯ ಪೆಟ್ಟಿಗೆಯ ಪಕ್ಕ ಹಾಕಿಕೊಂಡು ಕೂತರು.

"ಭಾವ, ಟೀ ಆರಿಹೋಗ್ತಿದೆ," ಎಂದೆ ನಾನು.

"ಆರ್ಲಿ ಬಿಡು. ಅಲ್ಲಿ ಪುದೀನ ಹಾಕಿರೋದು ಕುಡೀತಿದಾರಲ್ಲ. ನಮ್ಮದು ಇನ್ನು ಕತ್ತೆಗೆ ಹುಯ್ಯೋದೇ."

ಮೊದಲ ಗುಂಡಿ ಮುಗಿಸಿದೆವು. ಆಕೆ ಗುಂಡಿಯ ಎರಡೂ ಬದಿಗೆ ಕಡ್ಡಿಗಳನ್ನು ನೆಟ್ಟು, ಮತ್ತೆ ದೂರ ಸರಿಸಿ ನೆಟ್ಟು, ಪೆಟ್ಟಿಗೆಯ ಮುಂದೆ ಕೂತು ಅಳೆದಳು. ಬಯೂಮಿಯ ಅಂಕಿ ಏರಿದಲ್ಲಿ ಆಕೆಯದೂ ಏರಿತು, ಇಳಿದಲ್ಲಿ ಇಳಿಯಿತು. ವಗ್ದಿ ಕಾಗದ ಹಿಡಿದುಕೊಂಡು ಮಗುವಿನ ಹಾಗೆ ಕುಣಿಯುವುದೊಂದು ಬಾಕಿ. ಆಕೆ ನಮ್ಮ ಕಡೆ ಬಂದು, ಬಯೂಮಿ ಹಗ್ಗ ಎಳೆಯುವುದನ್ನು ನಿಂತು ನೋಡಿ, "ಅಬ್ಬಾ, ಎಷ್ಟು ಚೆನ್ನಾಗಿ ಎಳೀತೀರಿ ಉಸ್ತಾ! ಒಂದೊಂದು ಏಟೂ ಒಂದೇ ತೂಕ," ಎಂದಳು. ಎಂದು ಹೊರಟುಹೋದಳು.

ಅದಾಗಿ ಸ್ವಲ್ಪ ಹೊತ್ತಿಗೆ ಹಗ್ಗ ಜಾರಿ ಬಯೂಮಿಯ ಅಂಗೈ ಚರ್ಮ ಕಿತ್ತುಬಂತು.

"ನೋಡ್ದ್ಯಾ?" ಎಂದು ನನಗೆ ಅಂಗೈ ಹಿಡಿದು ತೋರಿಸಿದ. "ಹೊಗಳಿದ್ಲು. ದೃಷ್ಟಿ ತಾಗದ ಹಾಗೆ ಮಾಷಾ ಅಲ್ಲಾ ಅಂದ್ಲಾ? ಅನ್ಲಿಲ್ಲ. ಅಷ್ಟು ಓದಿದೋಳಿಗೆ ಇಷ್ಟು ಗೊತ್ತಿಲ್ವಾ? ಗೊತ್ತಿದ್ದೇ ಅನ್ಲಿಲ್ಲ."

"ಹಗ್ಗ ಹಳೇದಾಗಿದೆ ಭಾವ."

"ಹಗ್ಗಕ್ಕೆ ಏನೂ ಆಗಿಲ್ಲ. ಅವಳ ಕಣ್ಣು ಹೊಸದು."

ಕಣ್ಣಿನ ವಿಷಯದಲ್ಲಿ ನಾನು ವಾದ ಮಾಡುವ ಹಾಗಿಲ್ಲ, ನನ್ನ ಹೆಸರೇ ಅದಕ್ಕೆ ಸಾಕ್ಷಿ.

ಮನೆಯಲ್ಲಿ ಇನ್ನೊಂದು ನಾಟಕ ಶುರುವಾಗಿತ್ತು. ಬಯೂಮಿ ಊಟಕ್ಕೆ ಕೂತರೆ ದಕ್ತೂರಾ, ಕೈ ತೊಳೆದರೆ ದಕ್ತೂರಾ. ಅವಳು ಹೀಗೆ ಕೂತಳು, ಹಾಗೆ ನಕ್ಕಳು, ಬೂಟಿನಲ್ಲಿ ನೀರು ಹೋದರೂ ಲೆಕ್ಕಿಸಲಿಲ್ಲ, ಟೀಗೆ ಪುದೀನ ಹಾಕುತ್ತಾಳೆ. ನಮ್ಮ ಅಕ್ಕ ರೊಟ್ಟಿ ಮುರಿಯುತ್ತಾ ಕೇಳುವವರೆಗೆ ಕೇಳಿದಳು.

"ಪುದೀನ ನಾನೂ ಹಾಕ್ತಿದ್ದೆ. ಹೊಟ್ಟೆ ಉಬ್ಬುತ್ತೆ ಅಂತ ಬೇಡ ಅಂದೋರು ಯಾರು?" ಎಂದಳು.

"ಅಯ್ಯೋ, ನಾನು ಏನು ಹೇಳ್ತಿದೀನಿ, ನೀನು ಏನು ಕೇಳ್ತಿದೀಯ! ಅವಳು ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ಬಂದಿದಾಳೆ."

"ಅನ್ನಕ್ಕೋ ಮನೆಗೋ ನೋಡೋಣ."

ಬಯೂಮಿ ಕೆಲಸದ ಜಾಗಕ್ಕೆ ದೃಷ್ಟಿ ತೆಗೆಯಲು ಸ್ವಲ್ಪ ಉಪ್ಪು ಕೊಡು ಎಂದಾಗ ಅಕ್ಕ ಮರುಮಾತಾಡದೆ ಕೊಟ್ಟಳು. ಅದರಲ್ಲಿ ವಿಶೇಷವೇನಿಲ್ಲ. ಹೊಸ ಅಂಗಡಿಗೆ, ಹೆರಿಗೆಯಾದ ಮನೆಗೆ, ಹೊಸ ಎಮ್ಮೆಗೆ ಎಲ್ಲರೂ ಉಪ್ಪು ಎರಚುತ್ತಾರೆ. ಆದರೆ ಉಸ್ತಾ ಕಂಬದ ಬುಡಕ್ಕೆ ಉಪ್ಪು ಎರಚುತ್ತಿದ್ದರೆ ನೋಡಿದವರು ಯಾರ ಕಣ್ಣಿಗೆ ಎಂದು ಕೇಳಿಯಾರು. ಅದಕ್ಕೆ ಬಯೂಮಿ ಬಾಯಲ್ಲಿ ಏನೋ ಗೊಣಗಿ ಅದನ್ನು ನೀರಿನ ತೊಟ್ಟಿಗೆ ಹಾಕಿದ. ಗುಂಡಿಯೊಳಗೆಲ್ಲ ಹೋಗುವ ನೀರು ಅದು, ತಳದವರೆಗೂ ಕಾವಲಾಯಿತು ಎಂದು ಅವನ ಸಮಾಧಾನ. ಮೊದಲು ಒಂದು ಹಿಡಿ. ಆಕೆ ಮತ್ತೊಮ್ಮೆ ಬಂದು ನಿಂತು ನೋಡಿದ ದಿನ ನಾಲ್ಕು ಹಿಡಿ.

ಆಮೇಲೆ ಒಂದು ದಿನ ಅಕ್ಕ ಬುತ್ತಿ ಮರೆತಿದ್ದೀರಿ ಎಂದು ನೆಪ ಮಾಡಿಕೊಂಡು ಜಾಗಕ್ಕೇ ಬಂದಳು. ಬುತ್ತಿಯನ್ನು ನಾವು ಮರೆತಿರಲಿಲ್ಲ, ಅವಳೇ ಬಚ್ಚಿಟ್ಟಿದ್ದಳು. ದಂಡೆಯ ಮೇಲೆ ನಿಂತು ದಕ್ತೂರಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬಣ್ಣ ಏನಿಲ್ಲ," ಎಂದಳು ನನಗೆ. "ನಡಿಗೆ ಬಾತುಕೋಳಿ ಥರ. ಆದ್ರೆ ಕಣ್ಣು ನೋಡೋ, ಎಮ್ಮೆ ಕಣ್ಣಷ್ಟು ದೊಡ್ಡದು! ಹಿಡಿ ಉಪ್ಪು ಎಲ್ಲಿ ಸಾಲುತ್ತೆ?"

ಮಾರನೆಯ ದಿನದಿಂದ ಉಪ್ಪಿನಕಾಯಿಗೆಂದು ತಂದಿಟ್ಟಿದ್ದ ಹರಳುಪ್ಪಿನ ಚೀಲವೇ ನಮ್ಮ ಜತೆ ಹೊರಟಿತು. ಪ್ರತಿ ಗುಂಡಿಗೂ ತೊಟ್ಟಿಯಲ್ಲಿ ಧಾರಾಳವಾಗಿ ಸುರಿದೆವು. ಅದು ಗುಂಡಿಗೆ ಇಳಿದು ಮರಳಿನೊಳಗೆ ಹೀರಿಕೊಂಡು ಹೋಗುತ್ತಿತ್ತು. ಗುಂಡಿ ಮುಗಿದ ಮೇಲೆ ಉಳಿದ ನೀರನ್ನು ಅಲ್ಲೇ ಚೆಲ್ಲಿ ಮುಂದಕ್ಕೆ ಹೋಗುತ್ತಿದ್ದೆವು.

ಆವತ್ತಿನಿಂದ ಜೋಡಿ ಮುರಿಯಿತು.

ಬಯೂಮಿ ರಟ್ಟೆ ಬೀಳುವಷ್ಟು ಬಡಿದು ಗಟ್ಟಿ ಮರಳು ಎಂದ ಕಡೆ ಆಕೆಯ ಪೆಟ್ಟಿಗೆ ಮೆತ್ತನೆ ಜೇಡಿ ಎಂದಿತು. ಮುಂದಿನ ಗುಂಡಿಯಲ್ಲಿ ಇನ್ನೂ ಮೆತ್ತಗೆ. ಆಕೆ ಕಡ್ಡಿಗಳನ್ನು ಉಜ್ಜಿ ಮತ್ತೆ ನೆಟ್ಟಳು, ತಂತಿ ಬದಲಾಯಿಸಿದಳು, ಬ್ಯಾಟರಿ ಬದಲಾಯಿಸಿದಳು. ವಗ್ದಿ ಎರಡು ಕಾಗದಗಳನ್ನು ಪಕ್ಕಪಕ್ಕ ಹಿಡಿದು ತಲೆ ಕೆರೆದುಕೊಂಡರು.

"ಇನ್ನೊಂದ್ಸಲ ಅಳೀರಿ ದಕ್ತೂರಾ," ಎಂದರು. ಆಕೆ ಅಳೆದಳು. "ಇನ್ನೊಂದೇ ಒಂದ್ಸಲ." ಆಕೆ ಅಳೆದಳು. ಅಂಕಿ ಬದಲಾಗಲಿಲ್ಲ. ನಮ್ಮ ಕಡೆ ತಿರುಗಿ ಉಸ್ತಾ, ನೀನೊಮ್ಮೆ ಬಡಿದು ನೋಡು ಎಂದು ವಗ್ದಿ ಅನ್ನಲಿಲ್ಲ.

ಬಯೂಮಿಯ ಮುಖ ಆ ದಿನಗಳಲ್ಲಿ ನೋಡಬೇಕಿತ್ತು. ಹೊಸ ಬಟ್ಟೆ ಹಾಕಿದ ಮದುಮಗ ಇದ್ದ ಹಾಗಿದ್ದ. "ನೆಲಕ್ಕೂ ಒಂದು ನಿಯತ್ತು ಇರುತ್ತೆ ಕಣೋ ಶಹಾತ. ಬಡಿದೋನನ್ನ ಅದು ಮರೆಯಲ್ಲ," ಎಂದ. ಉಪ್ಪಿಗೂ ಇದಕ್ಕೂ ಸಂಬಂಧವಿದೆ ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವಳ ಕಣ್ಣು ಕುರುಡಾಯಿತು, ಉಪ್ಪು ಫಲ ಕೊಟ್ಟಿತು ಎಂದಷ್ಟೇ ಅವನ ಲೆಕ್ಕ.

ಒಂದು ಮಧ್ಯಾಹ್ನ ಆಕೆ ನಮ್ಮ ಕಂಬದ ನೆರಳಿಗೆ ಬಂದಳು. ಬೆವರಿಗೆ ವಸ್ತ್ರ ಹಣೆಗೆ ಅಂಟಿತ್ತು. ಕೇಳದೆಯೇ ನೆಲದ ಮೇಲೆ ಕೂತಳು.

"ಉಸ್ತಾ, ನಿಮ್ಮ ಎಣಿಕೆ ತಪ್ಪಲ್ಲ. ಅದು ನನಗೆ ಗೊತ್ತು. ಹಾಗಾದ್ರೆ ನಂದೇ ತಪ್ಪು. ಎಲ್ಲಿ ಅಂತ ಹೊಳೀತಿಲ್ಲ. ಗುಂಡಿಯಿಂದ ದೂರ ಹೋದ್ರೆ ಮರಳು ಸರಿಯಾಗೇ ಕಾಣುತ್ತೆ, ನಿಮ್ಮ ಗುಂಡಿ ಹತ್ರ ಬಂದ್ರೆ ಮಾತ್ರ ಜೇಡಿ ಆಗ್ಬಿಡುತ್ತೆ. ನೀವು ಈ ನೆಲದೋರು. ಏನಾದ್ರೂ ತೋಚಿದ್ರೆ ಹೇಳಿ."

ಬಯೂಮಿ ಆಕೆಯ ಕೈಯಲ್ಲಿದ್ದ ನೀರಿನ ಕ್ಯಾನಿನ ಕಡೆ ಕೈ ತೋರಿಸಿದ. ಆಕೆ ಒಣ ನೆಲದಲ್ಲಿ ಕಡ್ಡಿ ನೆಡುವಾಗ ಅದರಿಂದ ಬುಡಕ್ಕೆ ಒಂದಿಷ್ಟು ಹುಯ್ಯುವುದನ್ನು ನಾವು ದಿನವೂ ನೋಡುತ್ತಿದ್ದೆವು.

"ಅದು ಯಾಕೆ ಹುಯ್ತೀರಿ? ಬಾಯಾರಿಕೆ ಆಗುತ್ತಾ ಅದಕ್ಕೆ?"

ಆಕೆ ನಕ್ಕಳು. "ಇದು ಉಪ್ಪುನೀರು ಉಸ್ತಾ. ಮೇಲ್ಗಡೆ ನೆಲ ಒಣಗಿದ್ರೆ ಕರೆಂಟು ಒಳಗೆ ಇಳಿಯಲ್ಲ. ಒಂದು ಲೋಟ ಹುಯ್ದ್ರೆ ದಾರಿ ಸಿಗುತ್ತೆ. ಜಾಸ್ತಿ ಹುಯ್ಯೋಹಾಗಿಲ್ಲ ಮತ್ತೆ. ಉಪ್ಪು ಇರೋ ಕಡೆ ಕರೆಂಟು ಹಬ್ಬ ಮಾಡುತ್ತೆ, ಮರಳೂ ಜೇಡಿ ಥರ ಕಾಣ್ಸುತ್ತೆ."

ಬಯೂಮಿ ನನ್ನ ಮುಖ ನೋಡಿದ. ನಾನು ತೊಟ್ಟಿಯ ಕಡೆ ನೋಡದಿರಲು ಆಕಾಶ ನೋಡಿದೆ.

ಆಕೆ ಎದ್ದು ಹೋದ ಮೇಲೆ ಬಯೂಮಿ ಬಹಳ ಹೊತ್ತು ಹಗ್ಗದ ಗಂಟು ಬಿಚ್ಚುವುದು, ಹಾಕುವುದು ಮಾಡಿದ.

"ಭಾವ, ಬಾಯಿ ಮುಚ್ಕೊಂಡಿರು," ಎಂದೆ. "ನೀನೇನು ಬೇಕು ಅಂತ ಮಾಡಿದ್ದಲ್ಲ. ನಾಳೆ ಅವಳು ಹೋಗ್ತಾಳೆ. ಗುಂಡಿಗಳೆಲ್ಲ ನಮ್ಮದು, ಬಾಶ್‌ಮುಹಂದಿಸ್ ನಮ್ಮೋರು. ಹೇಳಿದ್ರೆ ಎರಡೂ ಹೋಯ್ತು. ಬೇಕು ಅಂತ್ಲೇ ಹಾಳು ಮಾಡ್ದ ಅಂತಾರೆ." ಒಳ್ಳೆಯ ಸಲಹೆ ಅದು. ಇವತ್ತು ಕೇಳಿದರೂ ಅದನ್ನೇ ಕೊಡುತ್ತೇನೆ.

"ನಾನೆಲ್ಲಿ ಹೇಳ್ತೀನಿ ಅಂದೆ?" ಎಂದು ಬಯೂಮಿ ರೇಗಿದ. "ಬಂದೋಳು ಅವಳು. ಹೋಗ್ಲಿ."

ಮತ್ತೆರಡು ದಿನ ಅವನು ಹೇಳಲಿಲ್ಲ. ಎಲ್ಲವೂ ಅವನ ಮನಸ್ಸಿನಂತೆಯೇ ಆಯಿತು. ವಗ್ದಿ ಆಕೆಯ ಕೆಲಸ ಅಲ್ಲಿಗೆ ನಿಲ್ಲಿಸಲು ಒಪ್ಪಿದರು. ಆಕೆ ತಂತಿಗಳನ್ನು ಸುತ್ತತೊಡಗಿದಳು. ಬಯೂಮಿ ಹಗ್ಗಕ್ಕೆ ಒರಗಿ ಅದನ್ನು ನೋಡುತ್ತಾ ನಿಂತಿದ್ದ. ನೋಡಿ ಸುಖಪಡುವುದಕ್ಕೇ ನಿಂತದ್ದು, ನಾನು ಬಲ್ಲೆ.

ಆಗ ವಗ್ದಿ ನಮ್ಮ ಒಲೆಯ ಹತ್ತಿರ ಬಂದರು. ಬಯೂಮಿ ಡಬ್ಬಿ ಒರೆಸಿ ಮುಂದಿಟ್ಟ. ಅವರು ಕೂರಲಿಲ್ಲ. ಬಯೂಮಿ ಕಾಸಿಟ್ಟಿದ್ದ ಟೀಯನ್ನು ತಾವೇ ಲೋಟಕ್ಕೆ ಬಗ್ಗಿಸಿ, ತಾವೇ ಸಕ್ಕರೆ ಹಾಕಿ ಕಲಸಿ, ಆ ಬಿಸಿ ಲೋಟವನ್ನು ಅಂಗಿಯ ತುದಿಯಲ್ಲಿ ಹಿಡಿದುಕೊಂಡು ಕೆಸರಿನಲ್ಲಿ ನಡೆದು ಆಕೆಗೆ ಕೊಟ್ಟರು. ಅಷ್ಟು ವರ್ಷಗಳಲ್ಲಿ ಆ ಮನುಷ್ಯ ಯಾರಿಗೂ ಒಂದು ಲೋಟ ನೀರು ಎತ್ತಿ ಕೊಟ್ಟದ್ದನ್ನು ನಾವು ಕಂಡಿರಲಿಲ್ಲ.

"ಬೇಜಾರು ಮಾಡ್ಕೋಬೇಡಿ ದಕ್ತೂರಾ," ಎನ್ನುವುದು ಕೇಳಿಸಿತು. "ನಿಮ್ಮಲ್ಲಿ ಕೊರತೆ ಇಲ್ಲ. ಈ ನೆಲದ್ದೇ ಏನೋ. ಇಂಥ ಶ್ರದ್ಧೆ ನಾನು ಯಾರಲ್ಲೂ ನೋಡಿಲ್ಲ. ನಿಮ್ಮನ್ನ ಮರೆಯೋಕಾಗಲ್ಲ."

ಬಯೂಮಿಯ ಉಸಿರು ಬುಸುಗುಟ್ಟಿತು. "ಕೇಳಿದ್ಯಾ? ಯಾರಲ್ಲೂ ನೋಡಿಲ್ವಂತೆ. ಗೆದ್ದೋನು ನಾನು. ಟೀ ಅವಳಿಗೆ. ಈಗ ಹೋದ್ಲು ಅಂದ್ರೆ ಇವರು ಸಾಯೋವರ್ಗೂ ಅವಳ ನೆನಪಲ್ಲಿ ಕೊರಗ್ತಾರೆ ಕಣೋ. ನಾನು ಇಲ್ಲೇ ಇರ್ತೀನಿ, ಕತ್ತೆ ಥರ. ಇರೋರನ್ನ ಯಾರು ನೆನೆಸ್ಕೋತಾರೆ?"

"ಭಾವ, ಬೇಡ," ಎಂದು ತೋಳು ಹಿಡಿದೆ. ಕೊಡವಿಕೊಂಡು ಹೋದ. ಜನ ಪಶ್ಚಾತ್ತಾಪದಿಂದ ಸತ್ಯ ಹೇಳುತ್ತಾರೆ, ದೇವರಿಗೆ ಹೆದರಿ ಹೇಳುತ್ತಾರೆ. ನನ್ನ ಭಾವ ಒಂದು ಲೋಟ ಟೀಯ ಹೊಟ್ಟೆಕಿಚ್ಚಿಗೆ ಹೇಳಿದ.

"ನೆಲದ್ದು ಏನೂ ತಪ್ಪಿಲ್ಲ ಬಾಶ್‌ಮುಹಂದಿಸ್. ತೊಟ್ಟಿಗೆ ಉಪ್ಪು ಹಾಕಿದ್ದು ನಾನು. ಚೀಲಗಟ್ಟಲೆ. ಅದಕ್ಕೇ ಇವರ ಅಂಕಿ ಕೆಟ್ಟಿದ್ದು. ಇನ್ನು ಕೊರಗೋದು ಬೇಡ."

ವಗ್ದಿಗೆ ಮೊದಲು ಅರ್ಥವಾಗಲಿಲ್ಲ. "ಉಪ್ಪಾ? ನೀರಿಗೆ ಉಪ್ಪು ಯಾಕಪ್ಪಾ ಹಾಕ್ದೆ?"

ಈಗ ಬಯೂಮಿಯ ನಾಲಿಗೆ ತಡವರಿಸಿತು. ನಮ್ಮಲ್ಲಿ ಒಬ್ಬರಿಗೆ ಕೈಯೆತ್ತಿ ಹೊಡೆದರೂ ರಾಜಿಯಾಗಬಹುದು, ನಿನ್ನ ಕಣ್ಣು ಕೆಟ್ಟದ್ದು ಎಂದು ಮುಖಕ್ಕೆ ಹೇಳಿದರೆ ಆ ಮನೆಯ ಬಾಗಿಲು ಮುಚ್ಚಿದಂತೆ.

"ಇವರ ಕಣ್ಣು ತಾಗಬಾರದು ಅಂತ," ಎಂದ, ನೆಲ ನೋಡುತ್ತಾ.

ವಗ್ದಿ ಕಣ್ಣು ಮುಚ್ಚಿಕೊಂಡರು. ಆಕೆಯ ಮುಖ ಕೆಂಪಾಯಿತು. ಟೀ ಲೋಟವನ್ನು ಪೆಟ್ಟಿಗೆಯ ಮೇಲಿಟ್ಟಳು. ಉಗಿಯುತ್ತಾಳೆ ಎಂದುಕೊಂಡೆ.

"ತಾಗಿತ್ತು ಉಸ್ತಾ," ಎಂದಳು. "ಉಪ್ಪು ಹಾಕಿದ್ದು ತಪ್ಪು, ಅನುಮಾನ ತಪ್ಪಲ್ಲ. ಮೊದಲನೇ ದಿನದಿಂದ ನನಗೆ ನಿಮ್ಮನ್ನ ಕಂಡ್ರೆ ಹೊಟ್ಟೆ ಉರೀತಿತ್ತು. ನೀವು ಅಲ್ಲಿಂದ ಒಂದು ಅಂಕಿ ಕೂಗ್ತೀರಿ, ಇಲ್ಲಿ ಬರೆದಾಗೋಗಿರುತ್ತೆ. ನಾನು ಕೂದಲು ಬೆಳ್ಳಗಾಗೋವರೆಗೆ ಇದೇ ಕೆಲಸ ಮಾಡಿದೀನಿ. ಇವತ್ತಿಗೂ ಎಲ್ರೂ ಇನ್ನೊಂದ್ಸಲ ಅಳೀರಿ ಅಂತಾರೆ. ಇವರೂ ಅಂದ್ರು. ನಮ್ಮಿಬ್ಬರ ಅಂಕಿ ಬೇರೆ ಆದಾಗ ನಿಮ್ಮದನ್ನ ಇನ್ನೊಂದ್ಸಲ ನೋಡೋಣ ಅಂತ ಒಬ್ಬರಾದ್ರೂ ಅಂದ್ರಾ?"

ಬಯೂಮಿ ತಲೆಯೆತ್ತಿ ಆಕೆಯನ್ನು ನೋಡಿದ. ತನ್ನನ್ನು ಕಂಡು ಒಬ್ಬರು ಹೊಟ್ಟೆಕಿಚ್ಚು ಪಟ್ಟಿದ್ದಾರೆ ಎಂಬ ಮಾತು ಅವನ ಜೀವಮಾನದಲ್ಲಿ ಮೊದಲ ಸಲ ಕಿವಿಗೆ ಬಿದ್ದಿತ್ತು. ಅದಕ್ಕೆ ಸಂತೋಷಪಡುವ ಗಳಿಗೆ ಅದಾಗಿರಲಿಲ್ಲ, ಅದು ಅವನ ದುರದೃಷ್ಟ.

ವಗ್ದಿ ಬೈಯುತ್ತಾರೆ ಎಂದು ಅವನು ತಲೆ ತಗ್ಗಿಸಿ ಕಾದ. ಅವರು ಬೈಯಲಿಲ್ಲ. "ನಾಳೆ ತೊಟ್ಟಿ ತೊಳೆದು ಕಾಲುವೆ ನೀರು ತುಂಬ್ಸು. ಹಳೇ ಗುಂಡಿಗಳಿಂದ ದೂರ ಸರಿದು ಹೊಸದು ಹೊಡಿ," ಎಂದಷ್ಟೇ ಹೇಳಿ ಆಕೆಯ ಪೆಟ್ಟಿಗೆಯ ಕಡೆ ತಿರುಗಿದರು. ಇಬ್ಬರೂ ಕಾಗದದ ಮೇಲೆ ಬಾಗಿ ಯಾವ ಯಾವ ಗುಂಡಿಗೆ ಉಪ್ಪು ಬಿದ್ದಿರಬಹುದು ಎಂದು ಲೆಕ್ಕ ಹಾಕತೊಡಗಿದರು. ನಾವು ಅಲ್ಲಿ ನಿಂತಿರುವುದೂ ಅವರಿಗೆ ಮರೆತಿತ್ತು.

ಮನೆಯಲ್ಲಿ ಬಯೂಮಿ ಬೇಯಿಸಿದ ಕಾಳಿನ ಫೂಲ್ ತಟ್ಟೆ ಮುಟ್ಟಲಿಲ್ಲ.

"ಬೈಲಿಲ್ಲ ಕಣೇ," ಎಂದ. "ಒಂದು ಮಾತು ಬೈಲಿಲ್ಲ. ಎಣ್ಣೆ ಚೆಲ್ಲಿದ್ರೆ ಅರ್ಧ ದಿನ ಬೈತಿದ್ದೋರು."

ಅಕ್ಕನ ಕಿವಿ ನೆಟ್ಟಗಾದದ್ದು ಬೇರೆ ಮಾತಿಗೆ. "ಏನು, ಅವಳ ಮುಂದೆ ತಪ್ಪು ಒಪ್ಕೊಂಡ್ರಾ? ನನ್ನ ಮುಂದೆ ಇಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪು ಒಪ್ಕೊಂಡಿದೀರಾ? ಚೀಲ ಉಪ್ಪು ಕೊಟ್ಟೋಳು ನಾನು, ತಪ್ಪೊಪ್ಪಿಗೆ ಅವಳಿಗೆ!" ಎಂದು ತಟ್ಟೆ ಎತ್ತಿಕೊಂಡು ಹೋದಳು.

ಬೆಳಿಗ್ಗೆ ತೊಟ್ಟಿಯನ್ನು ಉಜ್ಜಿ ಉಜ್ಜಿ ತೊಳೆದೆವು. ಕಾಲುವೆಯ ನೀರು ತುಂಬಿದೆವು. ಆಕೆ ಅದರಲ್ಲಿ ಪುಟ್ಟ ಕಡ್ಡಿಯೊಂದನ್ನು ಅದ್ದಿ ನೋಡಿ ಸರಿ ಎಂದು ತಲೆಯಾಡಿಸಿದಳು. ಆಮೇಲೆ ದೂರದಲ್ಲಿ ತನ್ನ ಪೆಟ್ಟಿಗೆಯ ಹತ್ತಿರ ಹೋಗಿ ತಂತಿ ಬಿಚ್ಚತೊಡಗಿದಳು. ನಾವು ಹೊಸ ಗುಂಡಿ ಕೊರೆದು, ಸರಳು ಇಳಿಸಿ, ಸುತ್ತಿಗೆ ಏರಿಸಿದೆವು.

ವಗ್ದಿ ಬಂದರು. ಡಬ್ಬಿಯ ಮೇಲೆ ಕೂರಲಿಲ್ಲ. ಆಕೆಯ ಕಡೆಗೂ ಹೋಗಲಿಲ್ಲ. ನೇರವಾಗಿ ಕಂಬದ ಬಳಿಗೆ ಬಂದು, ಸರಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಲ್ಲಿ ಕಣ್ಣಿಟ್ಟು, ಬಯೂಮಿಯ ಮಗ್ಗುಲಲ್ಲಿ ನಿಂತರು.

"ಹೊಡಿ," ಎಂದರು.

ಬಯೂಮಿ ಹಗ್ಗ ಎಳೆದು ಬಿಟ್ಟ. ಸುತ್ತಿಗೆ ಬಿತ್ತು.

"ಒಂದು," ಎಂದರು ವಗ್ದಿ.

ಬಯೂಮಿಯ ಕೈ ಹಗ್ಗದ ಮೇಲೆ ನಿಂತುಬಿಟ್ಟಿತು. ಅವನನ್ನು ಬಿಟ್ಟು ಆ ಸುತ್ತಿಗೆಯ ಏಟನ್ನು ಯಾರೂ ಎಣಿಸಿರಲಿಲ್ಲ. ಮರದ ಕೆಳಗೆ ಕೂತು ಸುಳ್ಳು ಹೇಳುವ ಉಸ್ತಾಗಳ ತಲೆಯ ಮೇಲೆ ಇಂಜಿನಿಯರುಗಳು ಹೀಗೆ ನಿಂತು ಎಣಿಸುತ್ತಾರೆ.

"ನಿಲ್ಸಿದ್ದು ಯಾಕೆ? ಹೊಡಿ."

ಸುತ್ತಿಗೆ ಬಿತ್ತು. "ಎರಡು," ಎಂದರು. ಬಿತ್ತು. "ಮೂರು." ಬಯೂಮಿ ತುಟಿ ಕಚ್ಚಿಕೊಂಡಿದ್ದ. ತಾನು ಎಣಿಸುವುದನ್ನು ನಿಲ್ಲಿಸಿಬಿಟ್ಟಿದ್ದ. ಬರೀ ಎಳೆಯುವ ಆಳಾಗಿ ನಿಂತಿದ್ದ. ಕಣ್ಣಲ್ಲಿ ನೀರು ತುಂಬಿ ಗೆರೆ ಕಾಣುತ್ತಿರಲಿಲ್ಲವೋ ಏನೋ, ಹಗ್ಗ ಎರಡು ಸಲ ತಡವಾಗಿ ಬಿಟ್ಟ.

ದಕ್ತೂರಾ ಇಬ್ತಿಸಾಮ್ ಅಲ್ಲಿಂದ ನಮ್ಮನ್ನು ನೋಡುತ್ತಿದ್ದಳು. ತಂತಿಯ ಸುರುಳಿ ಕೆಳಗಿಟ್ಟಳು. ಬೂಟಿನಲ್ಲಿ ಕೆಸರು ತುಳಿಯುತ್ತಾ ಅರ್ಧ ದಾರಿ ಬಂದು ನಿಂತು ಕೂಗಿದಳು.

"ಬಾಶ್‌ಮುಹಂದಿಸ್, ಅಲ್ಲಿ ಎಣ್ಸೋರು ಇದಾರೆ. ನನ್ನ ಹತ್ರ ಬನ್ನಿ. ನನ್ನ ಅಂಕಿಗೇ ಒಬ್ರು ಪಕ್ಕದಲ್ಲಿ ಇರ್ಬೇಕು."

"ಈ ಗುಂಡಿ ಮುಗೀಲಿ."

"ಮುಗಿದ ಮೇಲೆ ಉಸ್ತಾ ಕೂಗ್ತಾರೆ. ಕೂಗಿದ್ದನ್ನ ಬರ್ಕೋತೀರಿ. ಬನ್ನಿ, ಬಿಸಿಲು ಏರ್ತಿದೆ."

ವಗ್ದಿ ಬಯೂಮಿಯನ್ನು ನೋಡಿದರು, ಸರಳನ್ನು ನೋಡಿದರು. ಮನಸ್ಸಿಲ್ಲದ ಮನಸ್ಸಿನಿಂದ ಹೆಜ್ಜೆ ಕಿತ್ತಿಟ್ಟರು. ಆಕೆ ಅವರನ್ನು ಮಾತಿಗೆ ಹಚ್ಚಿಕೊಂಡು, ಮತ್ತೆ ತಿರುಗಿ ನೋಡಲು ಬಿಡದೆ, ತನ್ನ ಪೆಟ್ಟಿಗೆಯ ಕಡೆ ಕರೆದುಕೊಂಡು ಹೋದಳು.

ಬಯೂಮಿ ಅವರಿಬ್ಬರ ಬೆನ್ನು ನೋಡುತ್ತಾ ನಿಂತ. ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡ.

"ಇಲ್ಲಿಗೆ ಎಷ್ಟು ಭಾವ?" ಎಂದು ಕೇಳಿದೆ.

"ಗೊತ್ತಿಲ್ಲ. ಸರಳು ತೆಗಿ. ಪಕ್ಕದಲ್ಲಿ ಹೊಸದು ಕೊರೆಯೋಣ," ಎಂದ. ನಾನು ಸರಳು ಬಿಚ್ಚತೊಡಗಿದಾಗ ಮತ್ತೆ ಹೇಳಿದ, ನನಗಲ್ಲ, ಹಗ್ಗಕ್ಕೆ ಹೇಳುವವನ ಹಾಗೆ: "ಅವಳ ಜಾಗದಲ್ಲಿ ನಾನಾಗಿದ್ರೆ ಅವರನ್ನ ಆ ಕಡೆ ಕರೀತಿರ್ಲಿಲ್ಲ. ಎಣಿಸ್ಲಿ ಅಂತ ಬಿಡ್ತಿದ್ದೆ."